ಉಳಿದದ್ದಕ್ಕೆ ಯಾರಾದರೂ ಇರುತ್ತಾರೆ

ಕಲಬುರಗಿಯಿಂದ ಸೊಲ್ಲಾಪುರದ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಗಾಣಗಾಪುರ ರೋಡ್ ದಾಟಿತೆಂದರೆ ಬೋಗಿಯೊಳಗೆ ಬುತ್ತಿ ಬಿಚ್ಚುವ ಹೊತ್ತು. ಮೊದಲು ಗುದ್ದಿ ಒಡೆದ ಉಳ್ಳಾಗಡ್ಡಿಯ ಘಾಟು, ಅದರ ಹಿಂದೆಯೇ ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ವಾಸನೆ. ದುಧನಿಗೆ ಬರುವಷ್ಟರಲ್ಲಿ ಕರ್ನಾಟಕ ಮುಗಿದು ಮಹಾರಾಷ್ಟ್ರ ಶುರುವಾಗಿರುತ್ತದೆ. ಉಣ್ಣುವವರಿಗೆ ಅದರ ಪರಿವೆ ಇರುವುದಿಲ್ಲ. ಬೋರೋಟಿಯಲ್ಲಿ ಹತ್ತಿದವರೂ ಕನ್ನಡದಲ್ಲೇ ‘ಸ್ವಲ್ಪ ಸರೀರಿ’ ಅನ್ನುತ್ತಾರೆ, ನಾಗಣಸೂರಿನಲ್ಲಿ ಹತ್ತಿದವರ ಕೈಯಲ್ಲೂ ಅದೇ ಬಿಳಿ ಜೋಳದ ರೊಟ್ಟಿಯ ಗಂಟು.

ಈ ಸಲ ನನ್ನ ಎದುರು ಕುಳಿತಿದ್ದವರು ಆಳಂದದ ಕಡೆಯ ಹಿರಿಯ ಹೆಣ್ಣುಮಗಳು. ಕಾಲ ಹತ್ತಿರ ಎರಡು ಗಂಟು. ದೊಡ್ಡದು ಸೊಲ್ಲಾಪುರದಲ್ಲಿರುವ ಬಸುರಿ ಮಗಳಿಗೆ: ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಅದನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ. ಸಣ್ಣದು ದಾರಿಯದು. ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ್ದನ್ನು ತೊಡೆಯ ಮೇಲೆ ಬಿಚ್ಚಿದರು. ಮಡಚಿದ ಮೆತ್ತನ್ನ ರೊಟ್ಟಿಗಳು, ಅವುಗಳ ಮಡಿಕೆಯಲ್ಲೇ ಗಟ್ಟಿ ಝುಣಕ, ಒಂದು ಮೂಲೆಯಲ್ಲಿ ಹಿಂಡಿಯ ಪುಡಿಕೆ.

‘ಊಟ ಆತ್ರೀ?’

‘ಆತ್ರೀ ಅವ್ವಾ.’

‘ಗಾಡ್ಯಾಗ ಕುಂತವ್ರದು ಊಟ ಹ್ಯಾಂಗ ಆಗ್ತದ್ರೀ? ತಗೋರಿ.’

ಕೈಗೆ ರೊಟ್ಟಿ ಬಂದೇ ಬಿಟ್ಟಿತು. ಪಕ್ಕದ ಸೀಟಿನ ಹುಡುಗನಿಗೂ ಒಂದು, ಕಿಟಕಿಯ ಹತ್ತಿರ ಕುಳಿತಿದ್ದ ಮುದುಕನಿಗೂ ಒಂದು. ಒಬ್ಬರಿಗೆ ಇಷ್ಟು ರೊಟ್ಟಿ ಯಾಕೆ ಕಟ್ಟಿಕೊಂಡಿರಿ ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು. ‘ನನಗ ಎರಡು ಸಾಕ್ರೀ. ಉಳದದ್ದಕ್ಕ ಯಾರರೆ ಇರ್ತಾರಲ್ರೀ’ ಅಂದರು.

ಈ ಕೊನೆಯ ಮಾತು ಕೇಳಿದಾಗ ನನಗೆ ನಾರ್ವೆ ನೆನಪಾಯಿತು. ಸೊಲ್ಲಾಪುರದಲ್ಲೇ ಬೆಳೆದ ನನ್ನ ಅಕ್ಕನ ಮಗ ಅಲ್ಲಿಯ ಟ್ರಾಂಡ್‌ಹೈಮ್‌ನಲ್ಲಿ ಇಂಜಿನಿಯರು. ಅವನು ಫೋನಿನಲ್ಲಿ ವರ್ಣಿಸುವ ನಾರ್ವೆಯಲ್ಲಿ ಹಿಮಕ್ಕಿಂತ, ಮಧ್ಯರಾತ್ರಿಯ ಸೂರ್ಯನಿಗಿಂತ ಹೆಚ್ಚು ಬರುವುದು ಅಲ್ಲಿಯವರ ಬುತ್ತಿ. ಮಾಟ್‌ಪಾಕ್ಕೆ ಅಂತ ಅದರ ಹೆಸರು. ಎರಡು ಮೂರು ಹೋಳು ಕಂದು ಬ್ರೆಡ್ಡು, ಮೇಲೆ ಕಂದು ಚೀಸೋ ಮಾಂಸದ ಪೇಸ್ಟೋ ತೆಳ್ಳಗೆ ಒಂದು ಪದರ. ಒಂದರ ಮೇಲಿನದು ಇನ್ನೊಂದಕ್ಕೆ ಅಂಟಬಾರದೆಂದು ನಡುವೆ ಕಾಗದದ ಹಾಳೆ, ಅದಕ್ಕೆಂದೇ ಕತ್ತರಿಸಿ ಮಾರುವ ಹಾಳೆ. ಆ ದೇಶದಲ್ಲಿ ಚೀಸ್ ಹೆರೆಯುವ ಕೈಸಾಧನಕ್ಕೆ ಒಬ್ಬ ಬಡಗಿ 1925ರಲ್ಲಿ ಪೇಟೆಂಟ್ ಪಡೆದ. ತೂರ್ ಬ್ಯೋರ್ಕ್‌ಲುಂಡ್ ಅಂತ ಅವನ ಹೆಸರು. ಮರ ಹೆರೆಯುವ ಕೀಸುಳಿಯ ತತ್ವವನ್ನೇ ಚೀಸಿಗೆ ಹಚ್ಚಿದ. ತೆಳ್ಳಗೆ ಹೆರೆದರೆ ಹೆಚ್ಚು ದಿನ ಬರುತ್ತದೆ, ಅಷ್ಟೇ ಲೆಕ್ಕ. ಹನ್ನೊಂದೂವರೆಗೆಲ್ಲ ಊಟದ ಬಿಡುವು, ಅದೂ ಅರ್ಧ ಗಂಟೆ. ಶಾಲೆಯ ಮಗು, ಕಂಪನಿಯ ಯಜಮಾನ, ಮಂತ್ರಿ ಎಲ್ಲರದೂ ಹೆಚ್ಚುಕಡಿಮೆ ಅದೇ ಪೊಟ್ಟಣ. ಬಿಸಿ ಇರುವುದಿಲ್ಲ, ರುಚಿಯ ಜಂಬ ಇರುವುದಿಲ್ಲ. ನಾನು ದೊಡ್ಡವ ಎಂದು ಯಾರೂ ತೋರಿಸಿಕೊಳ್ಳಬಾರದು ಎಂಬುದು ಆ ಸಮಾಜದ ಬರೆಯದ ಕಾನೂನು. ಆಕ್ಸೆಲ್ ಸಾಂಡೆಮೋಸೆ ಎಂಬ ಲೇಖಕ 1933ರ ತನ್ನ ಕಾದಂಬರಿಯಲ್ಲಿ ಅದನ್ನು ವ್ಯಂಗ್ಯವಾಗಿ ಬರೆದೂ ಇಟ್ಟ. ಆ ಕಾನೂನು ಊಟದ ಟೇಬಲ್ಲಿಗೆ ಬಂದಾಗ ಈ ಬ್ರೆಡ್ಡಿನ ಹೋಳಾಗುತ್ತದೆ.

ಅಳಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನಿಂದ ಒಯ್ದ ಖಡಕ್ ರೊಟ್ಟಿ, ಹಿಂಡಿಯ ಡಬ್ಬಿಯನ್ನು ಊಟದ ಟೇಬಲ್ಲಿನ ನಟ್ಟನಡುವೆ ಇಟ್ಟು ಕುಳಿತನಂತೆ. ‘ಯಾರೂ ಕೈ ಹಾಕಲಿಲ್ಲ ಮಾಮಾ. ಸಿಟ್ಟಿಲ್ಲ, ಅಸಹ್ಯ ಇಲ್ಲ. ಛಲೋ ಕಾಣಸ್ತದ ಅಂದ್ರು, ತಮ್ಮ ತಮ್ಮ ಪೊಟ್ಟಣ ತಿಂದ್ರು.’ ಅವರ ಪೊಟ್ಟಣದಿಂದಲೂ ಯಾರೂ ಅವನಿಗೆ ಚೂರು ಮುರಿದು ಕೊಡಲಿಲ್ಲ. ಮುರಿದು ಕೊಡಲು ಹೆಚ್ಚಿಗೆ ಇರುವುದೂ ಇಲ್ಲ. ಅದು ಒಬ್ಬನ ಹೊಟ್ಟೆಗೆ ಅಳೆದು ಕಟ್ಟಿದ್ದು. ಅಲ್ಲಿ ಇನ್ನೊಬ್ಬರ ಬುತ್ತಿಗೆ ಕೈ ಹಾಕುವುದೆಂದರೆ ಅವರನ್ನು ಅರೆಹೊಟ್ಟೆಯಲ್ಲಿ ಏಳಿಸಿದ ಹಾಗೆ. ಅದನ್ನು ಜಿಪುಣತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯಾರ ಹಂಗಿನಲ್ಲೂ ಯಾರೂ ಇರಬಾರದು ಎಂಬುದೂ ಒಂದು ಮರ್ಯಾದೆಯೇ.

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದೆ. ಊರು ಅಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರು. ರಸ್ತೆಯ ಎರಡೂ ಕಡೆ ಹಿಂಗಾರಿ ಜೋಳ ಹೊಡೆ ಒಡೆದು ನಿಂತಿತ್ತು. ಇದು ಮಳೆ ನೆರಳಿನ ಸೀಮೆ. ಮುಂಗಾರು ಕೈ ಕೊಟ್ಟರೂ ಸೆಪ್ಟೆಂಬರ್, ಅಕ್ಟೋಬರಿನ ಹಸಿಯಲ್ಲಿ ಬಿತ್ತಿದ ಜೋಳ ಬರೀ ಇಬ್ಬನಿ ಕುಡಿದು ಬೆಳೆಯುತ್ತದೆ ಎನ್ನುತ್ತಾರೆ ರೈತರು. ಮಾಲದಂಡಿ ಎಂಬ ಈ ಜೋಳದ ತಳಿಯನ್ನು, ಎಂ 35-1 ಎಂದು ಕೃಷಿ ಇಲಾಖೆಯವರು ಕರೆಯುವುದನ್ನು, ಆರಿಸಿ ತೆಗೆದದ್ದು ಇದೇ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ, 1930ರ ದಶಕದಲ್ಲಿ. ಇಷ್ಟು ವರ್ಷವಾದರೂ ಅದನ್ನು ಪೂರ್ತಿ ಹಿಂದಿಕ್ಕುವ ತಳಿ ಬಂದಿಲ್ಲ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇದ್ದ ಮಂಗಳವೇಢೆ ಇದೇ ಜಿಲ್ಲೆಯದು. ಅಲ್ಲಿಯ ಜೋಳಕ್ಕೆ ಈಗ ಜಿಐ ಮಾನ್ಯತೆಯೂ ಇದೆ.

ಖಡಕ್ ರೊಟ್ಟಿ ಹುಟ್ಟಿದ್ದು ಈ ನೆಲದ ಒಣತನದಿಂದಲೇ. ಬಿಸಿನೀರಿನಲ್ಲಿ ನಾದಿದ ಹಿಟ್ಟನ್ನು ಬಡಿದು ಬಡಿದು ಹಪ್ಪಳದಷ್ಟು ತೆಳ್ಳಗೆ ಮಾಡಿ, ಹಂಚಿನ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ ಬೇಯಿಸಿ, ಆಮೇಲೆ ಒಲೆಯ ಪಕ್ಕ ನಿಲ್ಲಿಸಿ ಒಳಗಿನ ತೇವವನ್ನೆಲ್ಲ ಹೀರಿಸಿಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತೇವ ಇಲ್ಲದಲ್ಲಿ ಬೂಜು ಬೆಳೆಯದು. ಹಿಂಡಿಯೂ ಅಷ್ಟೇ, ಅದರಲ್ಲಿ ನೀರಿನ ಹನಿ ಇರುವುದಿಲ್ಲ. ಉಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು, ಆಷಾಢಕ್ಕೆ ಪಂಢರಪುರಕ್ಕೆ, ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆಯುವವರು ಇದೇ ಎರಡನ್ನು ನಂಬಿ ಹೊರಟವರು. ನಾರ್ವೆಯಲ್ಲಿ ಚಳಿಗೆ ಒಣಗಿಸಿಡುತ್ತಾರೆ, ಇಲ್ಲಿ ಒಲೆಯ ಕಾವಿಗೆ. ಬಡ ನೆಲದ ಜನ ಎಲ್ಲಿದ್ದರೂ ದಾರಿಯೂಟವನ್ನು ಒಣಗಿಸಿಯೇ ಕಟ್ಟಿಕೊಳ್ಳುತ್ತಾರೆ. ಒಣಗಿದ್ದು ಒಂದೇ ರೀತಿ, ಹಂಚುವ ರೀತಿ ಮಾತ್ರ ಬೇರೆ ಯಾಕಾಯಿತು?

ಅಕ್ಕಲಕೋಟೆಯ ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಸುಮ್ಮನೆ ಅರ್ಧ ಗಂಟೆ ನಿಲ್ಲಬೇಕು. ಹಳ್ಳಿಗಳ ಬಸ್ಸು ಒಂದೊಂದಾಗಿ ಬರುತ್ತವೆ. ಮೊದಲು ಹಾಲಿನ ಕ್ಯಾನು ಇಳಿಯುತ್ತವೆ, ಜನ ಇಳಿಯುತ್ತಾರೆ. ಆಮೇಲೆ ಡ್ರೈವರನ ಪಕ್ಕದಿಂದ, ಇಂಜಿನ್ನಿನ ಬಾನೆಟ್ಟಿನ ಮೇಲಿಂದ ಡಬ್ಬಿಗಳು. ಅರಿವೆಯ ಚೀಲದಲ್ಲಿ ಹೊಲಿದ ಸ್ಟೀಲಿನ ಡಬ್ಬಿ, ಹಿಡಿಕೆಗೆ ಕಟ್ಟಿದ ಬಣ್ಣದ ಚಿಂದಿ, ಕೆಲವಕ್ಕೆ ಎಣ್ಣೆಬಣ್ಣದಲ್ಲಿ ಬರೆದ ಹೆಸರು. ತಾಲೂಕು ಊರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಅವ್ವಂದಿರು ಕಳಿಸಿದ್ದು. ಹುಡುಗರು ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ತಮ್ಮದನ್ನು ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿಯನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಟಿಕೀಟಿಲ್ಲ, ಚೀಟಿಯಿಲ್ಲ. ಡಬ್ಬಿ ಅದಲುಬದಲಾಗದಂತೆ ನೋಡಿಕೊಳ್ಳುವುದು ಆ ಚಿಂದಿಯ ಬಣ್ಣ, ಇಲ್ಲವೆ ಆ ಹೆಸರು ಮಾತ್ರ. ಮಹಾರಾಷ್ಟ್ರದ ಎಷ್ಟೋ ತಾಲೂಕುಗಳಲ್ಲಿ ಹೀಗಿದೆ. ನಮ್ಮ ವಿಜಯಪುರ, ಧಾರವಾಡದ ಕಡೆಯೂ ಬಸ್ಸಿನಲ್ಲಿ, ರೈಲಿನಲ್ಲಿ ಬುತ್ತಿ ಬಂದು ಓದಿದವರು ಇಂದು ದೊಡ್ಡ ದೊಡ್ಡ ಹುದ್ದೆಯಲ್ಲಿದ್ದಾರೆ.

ಒಬ್ಬ ಹುಡುಗನನ್ನು ಮಾತಿಗೆಳೆದೆ. ತೋಳನೂರಿನ ಕಡೆಯವನು, ಕನ್ನಡ ಶಾಲೆಯಲ್ಲಿ ಓದಿ ಈಗ ಮರಾಠಿ ಕಾಲೇಜಿಗೆ ಬಂದವನು. ‘ರೂಮಿನ್ಯಾಗ ನಾಕ ಮಂದಿ ಅದೀವ್ರಿ. ಮೂರ ಡಬ್ಬಿ ಬರ್ತಾವ.’ ನಾಲ್ಕನೆಯವನದು? ‘ಅವನ ಊರಿಗಿ ಮುಂಜಾನಿ ಬಸ್ಸಿಲ್ರೀ.’ ಅಷ್ಟೇ ಹೇಳಿ ಹೊರಟ. ಆ ನಾಲ್ಕನೆಯವನ ಊಟ ಮೂರು ಮನೆಗಳ ಒಲೆಯ ಮೇಲೆ ಬೇಯುತ್ತದೆ. ಮೂವರು ಅವ್ವಂದಿರೂ ಅವನ ಮುಖ ನೋಡಿರಲಿಕ್ಕಿಲ್ಲ. 2021ರ ನವೆಂಬರಿನಿಂದ ಮುಂದಿನ ಏಪ್ರಿಲಿನವರೆಗೆ ಎಸ್‌ಟಿ ನೌಕರರ ಮುಷ್ಕರ ನಡೆದಾಗ ಬಸ್ಸು ನಿಂತದ್ದಷ್ಟೇ ಸುದ್ದಿಯಾಯಿತು. ಬಸ್ಸಿನ ಜೊತೆ ಡಬ್ಬಿಯೂ ನಿಂತಿತ್ತು.

ಗಡಿಯ ಮಾತನ್ನೂ ಇಲ್ಲೇ ಆಡಿ ಮುಗಿಸುತ್ತೇನೆ. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ಅಕ್ಕಲಕೋಟೆ, ಸೊಲ್ಲಾಪುರ ಆಚೆ ಉಳಿದವು. 1967ರ ಮಹಾಜನ ವರದಿ ಇವು ಕರ್ನಾಟಕಕ್ಕೆ ಸೇರಬೇಕೆಂದಿತು, ವರದಿ ವರದಿಯಾಗಿಯೇ ಉಳಿಯಿತು. 2022ರ ಕೊನೆಗೆ ಇಲ್ಲಿಯ ಕೆಲವು ಹಳ್ಳಿಗಳವರು ನೀರು, ರಸ್ತೆ ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ಎದ್ದು ನಿಂತಾಗ ನಮ್ಮ ಪತ್ರಿಕೆಗಳು ನಾಲ್ಕು ದಿನ ಬರೆದವು. ಹೆಣ್ಣು ಕೊಡುವುದು ತರುವುದು, ಬುತ್ತಿ ಕಳಿಸುವುದು ಎರಡೂ ಕಡೆ ನಡೆದೇ ಇದೆ.

ಬುತ್ತಿಯನ್ನು ಬರೀ ಔದಾರ್ಯವೆಂದು ಹೊಗಳಿ ಬಿಡುವಂತೆಯೂ ಇಲ್ಲ. ನಮ್ಮ ಅಜ್ಜಿ ಎಲ್ಲಿಗೆ ಹೋದರೂ ಬುತ್ತಿ ಕಟ್ಟಿಕೊಳ್ಳುತ್ತಿದ್ದಳು. ಖಾನಾವಳಿಯ ಒಲೆಯ ಮುಂದೆ ಯಾರು ಕುಳಿತಿರುತ್ತಾರೋ ಎಂಬುದು ಅವಳ ಚಿಂತೆ. ಅವಳು ಎಲ್ಲರಿಗೂ ಕೊಡುತ್ತಿದ್ದಳು, ಎಲ್ಲರಿಂದಲೂ ತೆಗೆದುಕೊಳ್ಳುತ್ತಿರಲಿಲ್ಲ. ಕೊಡುವ ಕೈ ಮೇಲೆ, ಇಸಿದುಕೊಳ್ಳುವ ಕೈ ಕೆಳಗೆ ಎಂಬ ಲೆಕ್ಕ ನಮ್ಮ ಬುತ್ತಿಯ ಗಂಟಿನೊಳಗೆ ಎಷ್ಟೋ ತಲೆಮಾರು ಕಟ್ಟಿಕೊಂಡು ಬಂದಿದೆ. ಕೆಲವರ ಬುತ್ತಿಯನ್ನು ಹೊಲದ ಬದುವಿನಲ್ಲಿ ಬೇರೆ ಇಡಿಸುತ್ತಿದ್ದರು, ಅವರಿಗೆ ರೊಟ್ಟಿಯನ್ನು ಮೇಲಿಂದ ಹಾಕುತ್ತಿದ್ದರು. ನಾರ್ವೆಯವನ ಬ್ರೆಡ್ಡು ಯಾರಿಗೂ ಚೂರು ಕೊಡುವುದಿಲ್ಲ ಸರಿ, ಆದರೆ ಅದು ಯಾರ ಕೈಯದೆಂದು ಜಾತಿ ಕೇಳುವುದೂ ಇಲ್ಲ. ಒಬ್ಬರದೊಬ್ಬರು ಮುಟ್ಟದೆಯೂ ಅವರು ಒಂದೇ ಟೇಬಲ್ಲಿಗೆ ಕೂರುತ್ತಾರೆ. ನಾವು ಹಂಚಿಕೊಂಡು ತಿಂದೂ ಬೇರೆ ಬೇರೆ ಸಾಲಿನಲ್ಲಿ ಕುಳಿತವರು. ಈ ಮಾತನ್ನು ಅಳಿಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಂಗಂದ್ರ ಎರಡೂ ಕಡೆ ಅರ್ಧ ಅರ್ಧ ಸರಿ ಅದ’ ಅಂದ. ನನಗೆ ಅಷ್ಟು ಸಲೀಸಾಗಿ ಪಾಲು ಮಾಡಲು ಬರುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ನಾರ್ವೆಯಲ್ಲಿ ಮೊದಲು ಶಾಲೆಯೇ ಮಕ್ಕಳಿಗೆ ಉಣಿಸುತ್ತಿತ್ತು. 1930ರ ದಶಕದಲ್ಲಿ ಕಾರ್ಲ್ ಶಿಯೋಟ್ಸ್ ಎಂಬ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು ರೂಪಿಸಿದ ‘ಓಸ್ಲೋ ನಾಷ್ಟಾ’ದಲ್ಲಿ ಬ್ರೆಡ್ಡು, ಚೀಸು, ಹಾಲು, ಹಣ್ಣು ಇಲ್ಲವೆ ಹಸಿ ಗಜ್ಜರಿ, ಕಾಡ್ ಮೀನೆಣ್ಣೆ ಎಲ್ಲ ಇರುತ್ತಿತ್ತು, ಬೇರೆ ದೇಶಗಳೂ ಅದನ್ನು ನಕಲು ಮಾಡಿದವು. ಎರಡನೆಯ ಮಹಾಯುದ್ಧದ ನಂತರ ಮನೆಮನೆಯ ಸ್ಥಿತಿ ಸುಧಾರಿಸಿತು, ಶಾಲೆಗಳು ಕೈಬಿಟ್ಟವು, ಅದೇ ಬ್ರೆಡ್ಡು ಚೀಸು ಮನೆಯಿಂದ ಕಾಗದದಲ್ಲಿ ಸುತ್ತಿಕೊಂಡು ಬರತೊಡಗಿತು. ಅವರು ಶಾಲೆಯ ಊಟದಿಂದ ಬುತ್ತಿಗೆ ಬಂದರು. ನಾವು ಬುತ್ತಿಯಿಂದ ಶಾಲೆಯ ಊಟಕ್ಕೆ ಬಂದೆವು. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಬಿಸಿಯೂಟ ಕೊಡಲೇಬೇಕೆಂದಿತು. ಗಡಿಯ ಈಚೆ ಕಲಬುರಗಿ ಸೇರಿದಂತೆ ಈಶಾನ್ಯದ ಜಿಲ್ಲೆಗಳಲ್ಲಿ 2002ರಲ್ಲಿ ‘ಅಕ್ಷರ ದಾಸೋಹ’ ಶುರುವಾಯಿತು, ಆಚೆ ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಖಿಚಡಿ. ಬುತ್ತಿ ತರಲು ಮನೆಯಲ್ಲಿ ಏನೂ ಇಲ್ಲದ ಮಗು ‘ನನಗ ಹಸಿವಿಲ್ರೀ’ ಎಂದು ಸುಳ್ಳು ಹೇಳಿ ಬೇವಿನ ಗಿಡದ ಕೆಳಗೆ ಕೂರುತ್ತಿದ್ದ ಕಾಲ ನೆನಪಿರುವವರು ಆ ಖಿಚಡಿಯನ್ನು ಹಗುರಾಗಿ ಕಾಣಲಾರರು. ತಟ್ಟೆ ಹಿಡಿದು ಒಂದೇ ಸಾಲಿನಲ್ಲಿ ಕೂತವರ ನಡುವೆ ಯಾರ ಬುತ್ತಿ ಯಾರದು ಎಂಬ ಪ್ರಶ್ನೆ ಏಳುವುದಿಲ್ಲ. ಏಳಿಸುವ ಊರುಗಳು ಇನ್ನೂ ಇವೆ. ಅದು ಊರಿನ ರೋಗ.

ಅಕ್ಕಲಕೋಟೆಯ ಅನ್ನಛತ್ರದಲ್ಲೂ ಹಾಗೆಯೇ ಸಾಲು. ಸ್ವಾಮಿ ಸಮರ್ಥರು ಇಲ್ಲಿ ಎರಡು ದಶಕದ ಮೇಲೆ ಇದ್ದು 1878ರಲ್ಲಿ ಸಮಾಧಿಯಾದರು. ಅವರ ಹೆಸರಿನ ಅನ್ನಛತ್ರ ಮಂಡಳ 1988ರಿಂದ ನಡೆದಿದೆ. ಮುಂಬೈ, ಪುಣೆಯಿಂದ ಕಾರಿನಲ್ಲಿ ಬಂದವರು, ಆಳಂದ, ಅಫಜಲಪುರದಿಂದ ಟಂಟಂನಲ್ಲಿ ಬಂದವರು ಒಂದೇ ಪಂಕ್ತಿಗೆ ಕೂತರು. ಬಡಿಸುವವರು ಮರಾಠಿಯಲ್ಲಿ ಕೇಳಿದರು, ನನ್ನ ಪಕ್ಕದವರು ಕನ್ನಡದಲ್ಲಿ ಸಾಕು ಅಂದರು, ಇಬ್ಬರಿಗೂ ತಿಳಿಯಿತು. ಇಲ್ಲಿಗೆ ಬುತ್ತಿ ತಂದವರು ಅದನ್ನು ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಬುತ್ತಿಯ ನಿಜವಾದ ಹಬ್ಬ ಎಳ್ಳಮವಾಸ್ಯೆ. ಸೊಲ್ಲಾಪುರ, ಲಾತೂರ, ಕಲಬುರಗಿ, ಬೀದರ ಸೀಮೆಯಲ್ಲಿ ಅಂದು ಊರು ಖಾಲಿ, ಹೊಲ ತುಂಬ ಜನ. ಮೊದಲು ಎತ್ತಿನ ಬಂಡಿ, ಈಗ ಟ್ರ್ಯಾಕ್ಟರು, ಟೆಂಪೋ. ಸಿಕ್ಕ ಕಾಳು, ಸಿಕ್ಕ ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಮಡಿಕೆಯಲ್ಲಿ ತಂದ ಅಂಬಲಿ. ಮೊದಲ ತುತ್ತು ಭೂಮಿಗೆ. ಚರಗ ಚೆಲ್ಲಿದ ಮೇಲೆಯೇ ಮನುಷ್ಯರಿಗೆ. ಅಂದು ರಸ್ತೆಯಲ್ಲಿ ಹೋಗುವವನನ್ನು ಕೂಗಿ ಕರೆದು ಕೂರಿಸುತ್ತಾರೆ. ಹೊಲ ಇಲ್ಲದ ಪೇಟೆಯವರು ಯಾರಾದರೂ ಕರೆಯುತ್ತಾರೆಂದು ಕಾಯುತ್ತಾರೆ, ಕರೆ ಬಂದೇ ಬರುತ್ತದೆ. ಒಂದೇ ಹೊಲಕ್ಕೆ ಹೋದರೆ ಉಳಿದವರಿಗೆ ಬೇಸರವಾಗುತ್ತದೆಂದು ಮೂರು ನಾಲ್ಕು ಹೊಲ ತಿರುಗಿ ಸಂಜೆಗೆ ಹೊಟ್ಟೆ ಹಿಡಿದುಕೊಂಡು ಬಂದವರನ್ನು ನಾನು ಬಲ್ಲೆ.

ಅಕ್ಕಲಕೋಟೆಯಿಂದ ವಳಸಂಗ, ಕುಂಭಾರಿ ದಾಟಿ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಈ ಊರನ್ನು ಬೆಳೆಸಿದ್ದು ಮಿಲ್ಲುಗಳು. ‘ಜೂನಿ ಮಿಲ್’ ಎಂದು ಎಲ್ಲರೂ ಕರೆಯುವ ಮೊದಲ ಗಿರಣಿ 1877ರದು. ಭೋಂಗಾ ಹೊಡೆದಾಗ ಗೇಟಿನ ಹೊರಗೆ ಬುತ್ತಿ ಹಿಡಿದ ಹೆಂಗಸರು, ಮಕ್ಕಳು ಕಾಯುತ್ತಿದ್ದರು, ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲ ಅಲ್ಲಿ ಕೂಡುತ್ತಿದ್ದವು ಎಂದು ಹಳಬರು ಹೇಳುತ್ತಾರೆ. ದೊಡ್ಡ ಗಿರಣಿಗಳು ಮುಚ್ಚಿದವು. ಉಳಿದದ್ದು ಚಾದರದ ಮಗ್ಗ, ಬೀಡಿ, ಮತ್ತು ರೊಟ್ಟಿ.

ಈ ಊರಿನ ಮೂಲಕಥೆಯೂ ಒಂದು ಬುತ್ತಿಯದೇ ಎಂಬುದನ್ನು ಸಿದ್ಧೇಶ್ವರ ಗುಡಿಯ ಕೆರೆಯ ದಂಡೆಯಲ್ಲಿ ಕುಳಿತಾಗ ಯೋಚಿಸಿದೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ ಮುದ್ದುಗೌಡ, ಸುಗ್ಗಲೆಯರ ಮಗ ಸಿದ್ಧರಾಮ ಹೊಲದಲ್ಲಿದ್ದಾಗ ಮಲ್ಲಯ್ಯನೆಂಬ ಜಂಗಮ ಬಂದು ನವಣೆಯ ಎಳೆ ತೆನೆ ಕೇಳಿದ. ತಿಂದವನು ಹೊಟ್ಟೆ ಉರಿಯುತ್ತದೆ, ಮಜ್ಜಿಗೆಯನ್ನ ಬೇಕು ಅಂದ. ಹುಡುಗ ಮನೆಗೆ ಓಡಿ ಅವ್ವನ ಕೈಯಿಂದ ಕಟ್ಟಿಸಿಕೊಂಡು ಬಂದರೆ ಉಣ್ಣುವವನೇ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತಿ ಹೋದ. ರಾಘವಾಂಕ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ ಈ ಕಥೆಯನ್ನು ಇಲ್ಲಿಯ ಅಜ್ಜಿಯರು ಓದದೆಯೇ ಬಲ್ಲರು. ಹಿಂದಿರುಗಿದ ಸಿದ್ಧರಾಮ ಗುಡಿ ಕಟ್ಟಿಸಿದ, ಅರವತ್ತೆಂಟು ಲಿಂಗ ಸ್ಥಾಪಿಸಿದ, ಕೆರೆ ತೋಡಿಸಿದ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನಂದಿಧ್ವಜಗಳು ಇಂದಿಗೂ ಏಳುತ್ತವೆ. ಇಲ್ಲೇ ಹುಟ್ಟಿ 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರು ಬರೆದದ್ದೂ ಇದೇ ಸಿದ್ಧರಾಮನನ್ನು ಕುರಿತು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಅವರು.

ಪೇಟೆಯಲ್ಲಿ ಈಗ ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಓಣಿಓಣಿಯಲ್ಲಿ ಹೆಂಗಸರು ಬೆಳಿಗ್ಗೆಯಿಂದ ಬಡಿಯುತ್ತಾರೆ. ಮಿಲ್ಲು ಮುಚ್ಚಿ ಗಂಡ ಮನೆಯಲ್ಲಿ ಕುಳಿತ ಎಷ್ಟೋ ಸಂಸಾರ ಈ ಹಂಚಿನ ಮೇಲೆ ನಿಂತಿವೆ. ಮಾಲು ಪುಣೆ, ಮುಂಬೈಗೆ, ಅಲ್ಲಿಂದ ವಿಮಾನ ಹತ್ತಿ ಟ್ರಾಂಡ್‌ಹೈಮಿಗೂ ಹೋಗುತ್ತದೆ. ಎಣಿಸಿ ತುಂಬಿ, ಅಂಟಿಸಿ, ಬೆಲೆ ಬರೆದ ಬುತ್ತಿ ಇದು. ಒಬ್ಬರಿಗೆ ಎಷ್ಟು ಎಂಬ ನಾರ್ವೆಯ ಅಳತೆ ನಮ್ಮ ರೊಟ್ಟಿಗೂ ಬಂತು ಅನ್ನಿ. ಬಡಿಯುವವಳ ಕೈಗೆ ಕೂಲಿ ಬರುತ್ತಿರುವಾಗ ಅದಕ್ಕಾಗಿ ನಾನು ನಿಟ್ಟುಸಿರು ಬಿಡುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ದಪ್ಪ ಇರುವ ಕಡೆ ತೇವ ಉಳಿದಿರುತ್ತದೆ, ಮೊದಲು ಅಲ್ಲೇ ಕೆಡುತ್ತದೆ. ಹಿಂಡಿಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ. ಕುಟ್ಟಿದ್ದಾದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ, ಮಿಕ್ಸರಿನದು ಪುಡಿಪುಡಿಯಾಗಿ ಉದುರುತ್ತದೆ, ಕುಟ್ಟಿದ್ದನ್ನೇ ತಗೊಳ್ಳಿ. ಮತ್ತೆ, ಹಿಂದಿರುಗುವ ಗಾಡಿಯಲ್ಲಿ ಬಿಚ್ಚುವ ವಿಚಾರ ಇದ್ದರೆ ಒಂದು ಪ್ಯಾಕೆಟ್ಟು ಸಾಲದು, ಎರಡು ಕೊಳ್ಳಿ.